ಹದಿನೆಂಟು ತುಂಬಿದ ಮೇಲೂ ಮೈನರ್?

"ಆಧಾರ್ ಕಾರ್ಡ್ ಕಳಸ್ರಿ ಅವರಿಗೆ! ಹುಡುಗಿಗೆ ಹದಿನೆಂಟು ತುಂಬೇತಿ ಅಂತ ಗೊತ್ತಾಗ್ಲಿ!"

ಕಳೆದ ಭಾನುವಾರ ನಮ್ಮ ಭಾವ ಹೀಗೆ ಅಬ್ಬರಿಸಿದಾಗ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದೆ. ಕಾರ್ಡು ಕಳಿಸಬೇಕಾದದ್ದು ಯಾರಿಗೆ ಅಂತೀರಿ? ಅಮೆರಿಕದ ಯುನಿವರ್ಸಿಟಿಗೆ!

ಆಗಿದ್ದಿಷ್ಟು. ನನ್ನ ಮಗಳು ಪಲ್ಲವಿ ಪಡಸಾಲೆಯಲ್ಲಿ ಕೂತು ಗೆಳತಿಗೆ ಫೋನಿನಲ್ಲಿ "ಮೇಜರ್ ಫಿಸಿಕ್ಸ್, ಮೈನರ್ ಜಿಯಾಲಜಿ ತಗೋಬಹುದಲೇ" ಅಂದಿದ್ದಳು. ಅಮೆರಿಕದಲ್ಲಿ ಮುಖ್ಯ ವಿಷಯಕ್ಕೆ ಮೇಜರ್ ಎನ್ನುತ್ತಾರೆ, ಜೊತೆಗೆ ಓದುವ ಇನ್ನೊಂದಕ್ಕೆ ಮೈನರ್. ಆದರೆ ನಮ್ಮ ಭಾವನ ಅರ್ಧ ಆಯುಷ್ಯ ಹೊಲದ ಪಹಣಿ ಉತಾರ, ಅಣ್ಣ ತಮ್ಮಂದಿರ ಪಾಲು ಎಂದು ನಮ್ಮೂರು ಯರಗುಪ್ಪಿಯಿಂದ ಕುಂದಗೋಳದ ತಾಲೂಕು ಕಚೇರಿಗೆ ಅಲೆಯುವುದರಲ್ಲೇ ಕಳೆದಿದೆ. ಅವರ ಪಾಲಿಗೆ ಮೈನರ್ ಅಂದರೆ ಹದಿನೆಂಟು ತುಂಬದವರು, ಸಹಿ ನಡೆಯದವರು.

"ಮೈನರ್ ಅಂದ್ರ ಗಾರ್ಡಿಯನ್ ಬೇಕ ಬೇಕು. ಅಮೇರಿಕಾಕ್ಕ ಯಾರ್ ಹೋಗಾವ್ರು? ನಾ ಅಂತೂ ಬಿತ್ತಿಗಿ ಬಿಟ್ಟು ಬರಾಂಗಿಲ್ಲ, ಮೊದಲ ಹೇಳೇನಿ!"

ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. (ಬಾಯಿಗೆ ಸೆರಗು ಹಿಡಿದು ನಕ್ಕೆ. ಭಾವನ ಎದುರು ಅಷ್ಟಾದರೂ ಬೇಡವೇ?)

ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಪಲ್ಲವಿಗೆ ಸೈನ್ಸ್ ಡಿಗ್ರಿಗೆ ಎರಡು ಕಡೆ ಸೀಟು ಸಿಕ್ಕಿತ್ತು, ಒಂದು ಇಂಗ್ಲೆಂಡಿನಲ್ಲಿ, ಇನ್ನೊಂದು ಅಮೆರಿಕದಲ್ಲಿ. ಎರಡೂ ಕಡೆ ಸ್ಕಾಲರ್‌ಶಿಪ್ ಇತ್ತು, ಹಾಗಾಗಿ ಖರ್ಚಿನ ತಕರಾರಿಲ್ಲ. ಆ ವಾರದೊಳಗೆ ಒಬ್ಬರಿಗೆ ಹ್ಞೂಂ, ಇನ್ನೊಬ್ಬರಿಗೆ ಊಹೂಂ ಅನ್ನಬೇಕಿತ್ತು. ಅನ್ನುವವರು ಯಾರು? ಜಗಳ ಇದ್ದದ್ದೇ ಅಲ್ಲಿ.

ಭಾವನ ತೀರ್ಪು ಆಗಲೇ ಆಗಿತ್ತು. "ಇಂಗ್ಲೆಂಡ ಛಲೋ. ಫಿಸಿಕ್ಸ್ ಅಂದ್ರ ಫಿಸಿಕ್ಸ್, ಮೂರು ವರ್ಷಕ್ಕ ಖಲಾಸ್. ಅಮೇರಿಕಾದಾಗ ನಾಕು ವರ್ಷ. ಅದೂ ಎರಡು ವರ್ಷ ಆಗೂತನಾ ಏನ್ ಕಲಿತೀನಿ ಅಂತ ಹೇಳೂದ ಬ್ಯಾಡಂತ! ಇದೆಂಥಾ ಸಾಲಿ?"

ನಮ್ಮ ಯಜಮಾನರು ಚಹಾದ ಬಸಿ ನೋಡುತ್ತ ತಲೆ ಆಡಿಸಿದರು. ಅಣ್ಣ ಮಾತಾಡಿದ ಮೇಲೆ ಅವರದು ಅಷ್ಟೇ ಕೆಲಸ. ನಿಜ ಹೇಳಲೇ? ನಾನೂ ಇಂಗ್ಲೆಂಡಿನ ಪಾರ್ಟಿಯೇ. ಮಗಳು ಒಂದು ವರ್ಷ ಮೊದಲೇ ಮನೆಗೆ ಬರುತ್ತಾಳಲ್ಲ ಎಂಬ ಆಸೆ. ತಾಯಿ ಕರುಳು, ಏನು ಮಾಡಲಿ?

ಪಲ್ಲವಿ ಎದ್ದು ಗೋಡೆಯ ಹತ್ತಿರ ಹೋದಳು. ನಮ್ಮದು ಎರೆ ಭೂಮಿ. ಪ್ರತಿ ಬೇಸಿಗೆಗೆ ಮನೆಯ ಗೋಡೆ ಬಾಯಿ ಬಿಡುತ್ತದೆ, ನಾವು ಪ್ರತಿ ವರ್ಷ ಮೆತ್ತುತ್ತೇವೆ.

"ದೊಡ್ಡಪ್ಪಾ, ಎರಿ ಮಣ್ಣು ಬ್ಯಾಸಗ್ಯಾಗ ಬಿರೀತೈತಿ, ಮಳಿಗಾಲದಾಗ ಉಬ್ಬತೈತಿ. ಯಾಕ ಅಂತ ನಂಗ ತಿಳ್ಕೋಬೇಕಾಗೇತಿ. ಅದು ಫಿಸಿಕ್ಸೋ, ಕೆಮಿಸ್ಟ್ರಿಯೋ, ಜಿಯಾಲಜಿಯೋ? ಇನ್ನೂ ಗೊತ್ತಿಲ್ಲ. ಇಂಗ್ಲೆಂಡಿನವ್ರು ಈಗ ಹೇಳು ಅಂತಾರ. ಅಮೇರಿಕಾದವ್ರು ಮೂರೂ ಕ್ಲಾಸಿನಾಗ ಕುಂತು ನೋಡಿ ಹೇಳು ಅಂತಾರ."

"ಗೊತ್ತಿಲ್ಲ ಅಂತ ಹೇಳಾಕ ಅಷ್ಟು ದೂರ ಹೋಗಬೇಕೇನ ಯವ್ವಾ?"

"ಇಲ್ಲಿ ಹೇಳಾಕ ಯಾರ್ ಬಿಟ್ರಿ?"

ಯಪ್ಪಾ! ಈ ಮನೆಯಲ್ಲಿ ಭಾವನಿಗೆ ಹೀಗೆ ಯಾರೂ ತಿರುಗಿ ಮಾತಾಡಿದ್ದಿಲ್ಲ. ಅವಳ ದನಿ ಮಾತ್ರ ಏರಿರಲಿಲ್ಲ.

"ಎಸ್ಸೆಸ್ಸೆಲ್ಸಿ ಮುಗದಾಗ ನೀವ ಕುಂತು ಸೈನ್ಸ್ ಅಂದ್ರಿ, ಕಾಲೇಜೂ ನೀವ ಆರಿಸಿದ್ರಿ. ನಾ ಏನರೆ ಅಂದ್ನೇನು? ಆವಾಗ ನಾ ಮೈನರ್ ಇದ್ದೆ ದೊಡ್ಡಪ್ಪಾ. ಈಗ ಮೇಜರ್ ಅದೀನಿ. ನನ್ನ ಮೇಜರ್ ನಾನ ಆರಸ್ತೀನಿ."

ಅಷ್ಟೇ. ಅಲ್ಲೇ ಕೂತು ಇಂಗ್ಲೆಂಡಿಗೆ ಥ್ಯಾಂಕ್ಸ್ ಹೇಳಿದಳು, ಅಮೆರಿಕಕ್ಕೆ ಬರುತ್ತೇನೆ ಎಂದು ಬರೆದಳು. ಯಾರ ಸಹಿಯೂ ಬೇಕಾಗಲಿಲ್ಲ. ನನ್ನ ರೊಟ್ಟಿ ಹಂಚಿನ ಮೇಲೆ ಕರಕಲಾಗಿತ್ತು.

ಇಂಗ್ಲೆಂಡ್ ಕೆಟ್ಟದ್ದು ಅಂತಲ್ಲ ಮತ್ತೆ. ಕೆಮಿಸ್ಟ್ರಿ ಬಿಟ್ಟರೆ ನನಗೆ ಬೇರೇನೂ ಬೇಡ ಎನ್ನುವ ಹುಡುಗ ಹುಡುಗಿಯರಿದ್ದಾರೆ. ಅವರು ಧಾರಾಳವಾಗಿ ಅಲ್ಲಿಗೇ ಹೋಗಲಿ, ಮೂರು ವರ್ಷ ಅದರಲ್ಲೇ ಮುಳುಗಲಿ. ಆದರೆ ನಮ್ಮ ಕಡೆ ಎಷ್ಟು ಮಕ್ಕಳಿಗೆ ಅದು ಗೊತ್ತಿರುತ್ತದೆ? ಗೊತ್ತಿಲ್ಲ ಅಂದರೆ ನಾವು ಬಿಡುತ್ತೇವೆಯೇ? ಹೆಸರುಕಾಳು ಕೊಳ್ಳುವಾಗ ಅಂಗೈಯಲ್ಲಿ ಹಿಡಿದು, ಉಜ್ಜಿ, ಎರಡು ಕಾಳು ಬಾಯಿಗೆ ಹಾಕಿ ನೋಡುವ ಜನ ನಾವು. ಜೀವನವಿಡೀ ಜೊತೆಗಿರುವ ವಿದ್ಯೆಗೆ ಮಾತ್ರ ಕಣ್ಣು ಮುಚ್ಚಿ ಹ್ಞೂಂ ಅನ್ನಬೇಕಂತೆ!

ನನಗೆ ಸಂಕಟವಾಗಲಿಲ್ಲವೇ? ಆಯಿತು. ಒಂದು ವರ್ಷ ಜಾಸ್ತಿ ಅವಳನ್ನು ಬಿಟ್ಟಿರಬೇಕು. ಆದರೆ ಆ ಸಂಕಟ ನನ್ನದು, ಅದಕ್ಕಾಗಿ ಅವಳ ಓದನ್ನು ಮೊಟಕು ಮಾಡಲಾರೆ. ಇದು ನನ್ನ ಗಟ್ಟಿ ನಿರ್ಧಾರ, ಇನ್ನು ಯಾವ ನೆಂಟರು ಬಂದು ಏನೇ ಅಂದರೂ ಅಷ್ಟೇ.

ಭಾವ ಎರಡು ದಿನ ಮುನಿಸಿಕೊಂಡು ಹೊಲದ ಕಡೆಯೇ ಇದ್ದರು. ಮೂರನೆಯ ದಿನ ಪಕ್ಕದ ಮನೆಯ ಶರಣವ್ವ ಬಾಗಿಲಲ್ಲಿ ನಿಂತು, "ಗೌಡ್ರ, ಹುಡುಗಿ ಏನ್ ಕಲ್ಯಾಕ ಹೊಂಟಾಳ್ರಿ?" ಎಂದು ಕೇಳಿದಳು. ಭಾವ ಒಳಗೆ ಒಮ್ಮೆ ನೋಡಿದರು, ಕೆಮ್ಮಿದರು.

"ನನಗೇನ್ ಕೇಳ್ತಿ ಬೇ? ಅಕಿನ್ನ ಕೇಳು."

ಇನ್ನೇನು ಎಸ್ಸೆಸ್ಸೆಲ್ಸಿ ರಿಸಲ್ಟು ಬರುತ್ತದೆ. ಮುಂದೇನು ಓದಬೇಕೆಂದು ನಿಮ್ಮ ಮಗಳನ್ನು ಕೇಳಿದಿರಾ, ಇಲ್ಲಾ ಆಗಲೇ ಹೇಳಿಬಿಟ್ಟಿರಾ?