ಗರಿಯ ನಿಲುವಂಗಿ

ಶಿಕಾರಿಪುರದ ಒಂದು ಖಾಸಗಿ ಲ್ಯಾಬಿನಲ್ಲಿ ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ರಕ್ತ, ಕಫ, ಮೂತ್ರದ ಡಬ್ಬಿಗಳನ್ನು ಮುಟ್ಟಿ ಮುಟ್ಟಿ, ಅದೇ ಕೈ ತೊಳೆದು ಊಟದ ಡಬ್ಬಿ ಬಿಚ್ಚುತ್ತೇನೆ. ಹೇಸಿಗೆ ಸುಲಭಕ್ಕೆ ಬರುವ ಜೀವವಲ್ಲ ನನ್ನದು. ಅಂಥವಳಿಗೆ ಹೇಸಿಗೆ ಬಂದದ್ದು ಮೊಬೈಲ್ ಗೇಮಿನ ಒಂದು ಅಂಗಿಯಿಂದ.

ಗೇಮಿನ ಗೀಳು ಹಚ್ಚಿದವನು ನನ್ನ ತಮ್ಮ. ಸೊರಬದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ನನ್ನ ಮದುವೆಯಾದ ಮೇಲೆ ನಮ್ಮಿಬ್ಬರ ನಡುವೆ ಮಾತು ತೀರಾ ಕಡಿಮೆಯಾಗಿತ್ತು. ಆಟದಲ್ಲಿ ಅವನು ಕತ್ತಿ ಹಿಡಿದ ಯೋಧ, ನಾನು ಬೆಂಕಿ ಎರಚುವ ಮಂತ್ರಗಾತಿ. ಭಾನುವಾರ ಮಧ್ಯಾಹ್ನ ಅವನು ಅಂಗಡಿ ಬಾಗಿಲು ಹಾಕಿದ ಮೇಲೆ ಇಬ್ಬರೂ ನಮ್ಮ ನಮ್ಮ ಮನೆಯಲ್ಲಿ, ಫೋನಿನಲ್ಲಿ ಕರೆ ಹಚ್ಚಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದೆವು. ರಾಕ್ಷಸರನ್ನು ಹೊಡೆಯುತ್ತ ಹೊಡೆಯುತ್ತ ಅವನು ಹೆಂಡತಿಯ ಜೊತೆ ಮಾಡಿಕೊಂಡ ಜಗಳ, ಬೆನ್ನುನೋವು, ಎಲ್ಲ ಹೇಳಿಕೊಳ್ಳುತ್ತಿದ್ದ. ಎದುರಿಗೆ ಕೂತಿದ್ದರೆ ಒಂದನ್ನೂ ಹೇಳುತ್ತಿರಲಿಲ್ಲ.

ಒಂದು ಕೋಟೆಯ ಹತ್ತಿರ ನಾವು ಸಿಕ್ಕಿಬಿದ್ದೆವು. ಒಂದೇ ಪೆಟ್ಟಿಗೆ ನನ್ನ ಮಂತ್ರಗಾತಿ ಉರುಳುತ್ತಿದ್ದಳು. ಒಳ್ಳೆಯ ಕವಚ ಬೇಕಿತ್ತು. ಕಬ್ಬಿಣದ್ದು ತೊಟ್ಟರೆ ಪೆಟ್ಟು ತಾಗುವುದಿಲ್ಲ, ಆದರೆ ಮಂತ್ರ ಹೇಳಿ ಮುಗಿಸುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ. ಚರ್ಮದ್ದು ಎರಡಕ್ಕೂ ಅಷ್ಟಕ್ಕಷ್ಟೆ. ಮೂರನೆಯದು ಗರಿಯ ನಿಲುವಂಗಿ. ಹಗುರ, ಗಟ್ಟಿ, ಮಂತ್ರದ ಬಲವೂ ಹೆಚ್ಚು. ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು. "ಇದೇ ಇರ್ಲಿ ಕಣೋ" ಅಂದೆ.

ಅದು ಕೊಳ್ಳುವ ಅಂಗಿಯಲ್ಲ, ಗರಿ ತಂದು ಮಾಡಿಕೊಳ್ಳಬೇಕು. ಆಟದೊಳಗೊಂದು ಕೆರೆ, ನೀರಲ್ಲಿ ನಿಂತ ಮರಗಳು, ಮರದ ತುಂಬ ಗೂಡು. ನನ್ನ ತವರು ಗುಡವಿ ಪಕ್ಷಿಧಾಮದ ಪಕ್ಕದಲ್ಲೇ ಇರುವುದರಿಂದ ನನಗೆ ಖುಷಿಯೇ ಆಯಿತು. ಆಮೇಲೆ ತಿಳಿಯಿತು, ಅಂಗಿಯ ಒಳಪದರಕ್ಕೆ ಮರಿಗಳ ಗರಿಯೇ ಬೇಕಂತೆ. ಹತ್ತಿರ ಹೋದರೆ ಆ ಮರಿಗಳು ತಾಯಿ ಬಂತೆಂದು ಕತ್ತು ಚಾಚಿ ಕೆಂಪಗೆ ಬಾಯಿ ತೆರೆಯುತ್ತವೆ. ಯಾರೋ ಕೂತು, ನಾಲಗೆಯ ಸಮೇತ, ಅಷ್ಟು ಚಂದಕ್ಕೆ ಅದನ್ನು ಬಿಡಿಸಿದ್ದರು.

"ಅಕ್ಕ, ಬಾಯಿ ಬಿಟ್ಟಾಗ್ಲೇ ಹೊಡಿ. ಅವಾಗ ಜಾಸ್ತಿ ಗರಿ ಬೀಳ್ತಾವೆ" ಅಂದ ತಮ್ಮ. ತಾನೇ ಹೊಡೆದು ತೋರಿಸಿದ. ಕಿಚ್ ಎಂಬ ಸಣ್ಣ ಸದ್ದು. ಅವನು ನಕ್ಕ. ಮತ್ತೊಂದು ಕಿಚ್, ಮತ್ತೆ ನಗು.

"ಥೂ! ನಂಗೆ ಬ್ಯಾಡ ಈ ಅಂಗಿ. ಚರ್ಮದ್ದೇ ಸಾಕು."

"ಬೊಂಬೆ ಕಣೇ ಅದು. ಅದಕ್ಕೆಂತ ಜೀವ ಇರತ್ತಾ?"

"ನಗ್ತಾ ಇರೋ ನೀನು ಬೊಂಬೆ ಅಲ್ವಲ್ಲೋ" ಎಂದು ಇಯರ್‌ಫೋನ್ ಕಿತ್ತೆ.

ಮುಂದಿನ ಭಾನುವಾರಗಳಲ್ಲಿ ಅವನು ಸರಿಯಾಗಿ ಸಿಗಲಿಲ್ಲ. ಒಂದು ದಿನ ಆಟ ತೆರೆದರೆ ನನ್ನ ಹೆಸರಿಗೊಂದು ಉಡುಗೊರೆ: ಗರಿಯ ನಿಲುವಂಗಿ. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಲ್ಲೆಲ್ಲ ಕೂತು ಒಬ್ಬನೇ ಗರಿ ಕೂಡಿಸಿದ್ದ. ಕರೆ ಮಾಡಿದಾಗ "ಹಾಕ್ಕೋ ಅಕ್ಕ, ನಿಂಗೇ ಅಂತ ಮಾಡಿದ್ದು" ಅಂದ. ಆ ದನಿಯಲ್ಲಿದ್ದ ಪ್ರೀತಿಗೆ ಬೇಡ ಅನ್ನಲಾಗಲಿಲ್ಲ.

ತೊಟ್ಟೆ. ಕೋಟೆಯೊಳಗೆ ನುಗ್ಗಿದೆವು. ಈ ಸಲ ನನ್ನ ಮಂತ್ರಗಾತಿ ಪೆಟ್ಟಿಗೆ ಬೀಳಲಿಲ್ಲ. ಮಂತ್ರ ಹೇಳುವಾಗ ಪರದೆಯ ನೋಟ ಅವಳ ಮುಖದ ಹತ್ತಿರಕ್ಕೆ ಸರಿಯಿತು. ಕೊರಳ ಸುತ್ತ ಪುಟ್ಟ ಕೊಕ್ಕುಗಳ ಮಾಲೆ. ಎಲ್ಲವೂ ಬಾಯಿ ತೆರೆದುಕೊಂಡಿದ್ದವು. ಲ್ಯಾಬಿನಲ್ಲಿ ಕೊಳೆತ ಗಾಯದ ಕೀವು ಕಂಡಾಗಲೂ ಆಗದ ಹೇಸಿಗೆ ಆಯಿತು. ಯುದ್ಧದ ಮಧ್ಯದಲ್ಲೇ ಅಂಗಿ ಕಳಚಿಬಿಟ್ಟೆ. ನಾನು ಸತ್ತೆ, ನನ್ನ ಹಿಂದೆಯೇ ಅವನೂ ಸತ್ತ.

"ಎಂತ ಮಾಡ್ದೆ ನೀನು! ಎಷ್ಟು ದಿನ ಕೂತು ಮಾಡಿದ್ದು ಅದು, ಗೊತ್ತಾ?"

"ನಾನೂ ಅದನ್ನೇ ಕೇಳ್ತಿರೋದು. ಅಷ್ಟು ದಿನ ಹೆಂಗೆ ಕೂತು ಹೊಡೆದ್ಯೋ?"

ಕರೆ ಕಟ್ಟಾಯಿತು.

ಆಮೇಲೆ ನಾವು ಜೊತೆಗೆ ಆಡಲಿಲ್ಲ. ಭೇಟಿಯಾದದ್ದು ಚಂದ್ರಗುತ್ತಿಯಲ್ಲಿ, ಚಿಕ್ಕಮ್ಮನ ಹೊಸ ಮನೆಯ ಒಕ್ಕಲಿನ ದಿನ. ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದವನು ನನ್ನ ಎಲೆಯ ಮುಂದೆ ಬಗ್ಗಿ, ಯಾರಿಗೂ ಕೇಳದ ಹಾಗೆ, "ಅಂಗಿ ಎಂತ ಮಾಡ್ದೆ?" ಅಂದ.

"ಹೊಲಿಗೆ ಬಿಚ್ಚಿ ಹಾಕ್ದೆ."

"ಗರಿ ವಾಪಸ್ ಬಂತಾ?"

"ಬಂತು."

ಸೌಟು ಹಾಗೇ ಹಿಡಿದು, ಮುಖ ಅರಳಿಸಿ ಹೇಳಿದ: "ಹಂಗಾದ್ರೆ ನಂಗೆ ಕಳ್ಸು. ಆಟದಲ್ಲಿ ನಾನೂ ಕತ್ತಿ ಬಿಟ್ಟು ಮಂತ್ರದವನಾಗಿದೀನಿ ಈಗ. ಮರಿ ಹೊಡೆಯೋ ಕೆಲ್ಸ ಉಳೀತದೆ."

ನಾನು ಎಲೆಗೆ ಕೈ ಅಡ್ಡ ಹಿಡಿದೆ. ಪಾಯಸ ಸಾಕಾಯಿತೆಂದುಕೊಂಡು ಅವನು ಪಕ್ಕದವರಿಗೆ ಬಡಿಸಲು ಹೋದ.