ನಾಲ್ಕು, ಏಳು, ಎರಡು, ಐದು
ಹೊಸ ಸ್ಕೂಟರಿಗೆ 4725 ನಂಬರೇ ಬೇಕೆಂದು ನಾನು ಹಟ ಹಿಡಿದಿದ್ದೆ. ಅಂಕಿಗಳನ್ನು ಕೂಡಿದರೆ ಹದಿನೆಂಟು, ಮತ್ತೆ ಕೂಡಿದರೆ ಒಂಬತ್ತು. ಒಂಬತ್ತು ಬಂದರೆ ಒಳ್ಳೆಯದು, ಎಂಟು ಬಂದರೆ ಆಗಿಬರುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಕೆ.ಆರ್. ಪುರದ ಆರ್‌ಟಿಓ ಸಾಲಿನಲ್ಲಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದೆ. ಹಿಂದಿದ್ದ ವಯಸ್ಸಾದವರೊಬ್ಬರು ನನ್ನ ಅರ್ಜಿ ನೋಡಿ, "ಅಮ್ಮಾ, ಆ ನಂಬರ್ ನನಗೆ ಬಿಟ್ಕೊಡ್ತೀರಾ?" ಎಂದರು.

"ಏನ್ ಸಾರ್, ಈ ವಯಸ್ಸಲ್ಲೂ ಫ್ಯಾನ್ಸಿ ನಂಬರ್ ಶೋಕೀನಾ? ಬೇಕಿದ್ರೆ ಬೆಳಗ್ಗೆ ಬೇಗ ಏಳ್ಬೇಕಿತ್ತು" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೂ ಖುಷಿಯಾಯಿತು.

ದುಡ್ಡು ಕಟ್ಟಿ ರಸೀದಿ ತೆಗೆದುಕೊಂಡು ಹೊರಟಾಗ ಅವರು ಕೌಂಟರಿನವನಿಗೆ ಹೇಳುವುದು ಕೇಳಿಸಿತು. "ಅದು ನನ್ನ ಹಳೇ ಗಾಡಿ ನಂಬರ್ ಸಾರ್. ಗಾಡಿ ಗುಜರಿಗೆ ಹೋಯ್ತು. ಮಗಳಿಗೆ ಮೂವತ್ತು ವರ್ಷ, ಬುದ್ಧಿ ಬೆಳೆದಿಲ್ಲ. ಪ್ಲೇಟ್ ಮೇಲೆ ಬೆರಳಿಟ್ಟು ಆ ನಾಲ್ಕು ಅಂಕಿ ಓದಿದ ಮೇಲೇ ಗಾಡಿ ಹತ್ತೋದು. ಬೇರೆ ನಂಬರ್ ಇದ್ರೆ ಹತ್ತಲ್ಲ."

ನಾನು ವಾಪಸ್ ಓಡಿ ರಸೀದಿ ಚಾಚಿದೆ. ಒಮ್ಮೆ ಕೊಟ್ಟ ನಂಬರ್ ಬದಲಾಯಿಸೋಕಾಗಲ್ಲ ಎಂದ ಕೌಂಟರಿನವನು.

"ಬಿಡಮ್ಮಾ, ಬೇರೆ ನಂಬರ್ ಕಲಿಸ್ತೀನಿ" ಎಂದು ಅವರೇ ನನಗೆ ಸಮಾಧಾನ ಹೇಳಿದರು. "ಅದನ್ನ ಕಲಿಸೋಕೆ ಎರಡು ವರ್ಷ ಆಗಿತ್ತು, ಅಷ್ಟೇ."

ಮನೆಗೆ ಬಂದಾಗ ಅತ್ತೆ, "ಅಂತೂ ಬಾಯಿ ಜೋರು ಮಾಡಿ ಒಳ್ಳೇ ನಂಬರ್ ತಂದೆ ಕಣೇ" ಎಂದರು. ಮದುವೆಯಾದ ಮೇಲೆ ಅವರು ನನ್ನ ಬಾಯಿಯನ್ನು ಮೆಚ್ಚಿದ್ದು ಅದೊಂದೇ ಸಲ.