ಸ್ವಖುಷಿಯಿಂದ ಕೊಟ್ಟ ಜನರೇಟರ್

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಟೀವಿಯ ಮುಂದೆ ಕೂತಿದ್ದೆ. ಯಾವುದೋ ದೂರದ ಊರು. ಬೇರೆ ದೇಶದ ಸೈನ್ಯ ಅಲ್ಲಿಗೆ ಬಂದು ಕೂತು ಬಹಳ ದಿನವಾಗಿದೆಯಂತೆ. ಶಾಲೆಯ ಅಂಗಳದಲ್ಲಿ ಒಂದು ಮೇಜು, ಮೇಜಿನ ಹಿಂದೆ ಒಬ್ಬ ಸೈನಿಕ, ಮುಂದೆ ಊರವರ ಸಾಲು. ಒಬ್ಬೊಬ್ಬರೇ ಬಂದು ಯಾವುದೋ ಕಾಗದಕ್ಕೆ ಸಹಿ ಮಾಡಿ ಹೋಗುತ್ತಿದ್ದರು. ಒಬ್ಬ ಮುದುಕಿ ಪೆನ್ನು ಹಿಡಿದುಕೊಂಡು ಏನೋ ಕೇಳಿದಳು. ಸೈನಿಕ ನಗುನಗುತ್ತಲೇ ಕಾಗದದ ಮೇಲೆ ಬೆರಳಿಟ್ಟು ಸಹಿಯ ಜಾಗ ತೋರಿಸಿದ. ಅಷ್ಟರಲ್ಲಿ ಕರೆಂಟು ಹೋಯಿತು. ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ಕೆಳಗೆ ಎರಡು ಸಲ ಕೆಮ್ಮಿ ಶುರುವಾಯಿತು. ಕಿಟಕಿಯಿಂದ ಡೀಸೆಲ್ ವಾಸನೆ ಒಳಗೆ ಬಂತು. ಟೀವಿ ಮತ್ತೆ ಹತ್ತಿದಾಗ ಕ್ರಿಕೆಟ್ ಸುದ್ದಿ ನಡೆದಿತ್ತು, ಆದರೆ ನನಗೆ ಮಕ್ತುಮ್‌ಸಾಬರ ನೆನಪಾಗಿಬಿಟ್ಟಿತ್ತು.

ಮಕ್ತುಮ್‌ಸಾಬರ ಅಂಗಡಿ ಪೇಟೆ ನಡುವಿನ ದುರ್ಗದಬೈಲಿನ ಹಿಂದಿನ ಗಲ್ಲಿಯಲ್ಲಿದೆ. ಜನರೇಟರು, ನೀರಿನ ಪಂಪು, ಗಿರಣಿಯ ಮೋಟಾರು ರಿಪೇರಿ ಮಾಡುವುದು ಅವರ ಕಸಬು. ನಮ್ಮ ಪರಿಚಯವಾದದ್ದು ಮಾತ್ರ ಇಂಥ ದೊಡ್ಡ ಯಂತ್ರದಿಂದಲ್ಲ, ನಮ್ಮ ಮನೆಯ ಹಳೆಯ ಮಿಕ್ಸರಿನಿಂದ. ಆಗ ನಾನು ಇಲ್ಲಿನ ಒಂದು ಕಾನೂನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತಿದ್ದೆ. ದೇಶ ದೇಶಗಳ ನಡುವೆ ನ್ಯಾಯ ಹೇಳುವ ಮನುಷ್ಯನಿಗೆ ಒಂದು ಮಿಕ್ಸರಿನ ಸ್ಕ್ರೂ ಬಿಚ್ಚಲು ಬರುತ್ತಿರಲಿಲ್ಲ ಎಂದು ನನ್ನ ಹೆಂಡತಿ ಇಂದಿಗೂ ಬಂದವರ ಮುಂದೆ ಹೇಳುತ್ತಾಳೆ.

ಮಕ್ತುಮ್‌ಸಾಬರದೊಂದು ಅಭ್ಯಾಸವಿತ್ತು. ಏನೇ ಸಾಮಾನು ರಿಪೇರಿಗೆ ಬರಲಿ, ಒಂದು ಚೀಟಿ ಬರೆಯುತ್ತಿದ್ದರು. ಬರೆದು ಸುಮ್ಮನೆ ಕೈಗೆ ಕೊಡುತ್ತಿರಲಿಲ್ಲ, ಓದಿ ಹೇಳುತ್ತಿದ್ದರು. "ಕೇಶ್ವಾಪುರ ಸರ್, ಮಿಕ್ಸರ್ ಒಂದು, ಜಾರ್ ಇಲ್ಲ, ತಿರುಗವಲ್ದು. ಖರೇ ಐತೇನ್ರಿ?" ಬರೆದದ್ದು ನಿಜವೆಂದು ನಾನು ಖರೇ ಅನ್ನಬೇಕು. "ಇನ್ನೊಮ್ಮೆ ಓದ್ತೇನಿ, ಕೇಳ್ರಿ." ಮತ್ತೆ ಅದನ್ನೇ ಓದಿ, ಆಮೇಲೆ ಚೀಟಿ ಹರಿದು ಕೊಡುತ್ತಿದ್ದರು. ಹಳ್ಳಿಯಿಂದ ಬಂದ ರೈತನಿಗೂ ಅಷ್ಟೇ, ಕೋರ್ಟಿನ ವಕೀಲನಿಗೂ ಅಷ್ಟೇ. ಉಪ್ಪಿನಬೆಟಗೇರಿಯಿಂದ ಪಂಪು ಹೊತ್ತುಕೊಂಡು ಬಂದವರು ಬಸ್ಸಿಗೆ ಹೊತ್ತಾಯಿತೆಂದು ಒದ್ದಾಡುತ್ತಿದ್ದರೂ ಇವರು ಬಿಡುತ್ತಿರಲಿಲ್ಲ. "ಮಿಕ್ಸರಿಗೂ ಕರಾರುಪತ್ರ ಏನ್ರಿ?" ಎಂದು ನಾನು ಚೇಷ್ಟೆ ಮಾಡಿದ್ದೂ ಉಂಟು. ಅವರು ನಕ್ಕು ಮುಂದಿನ ಚೀಟಿ ಬರೆಯುತ್ತಿದ್ದರು.

ಇದೆಲ್ಲ ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಗ ಒಂದು ಬಲಿಷ್ಠ ದೇಶದ ಸೈನ್ಯ ದೂರದಿಂದ ಬಂದು ಇನ್ನೊಂದು ದೇಶದ ರಾಜಧಾನಿಯಲ್ಲಿ ಕೂತಿತ್ತು. ದೇಶಗಳ ಹೆಸರು ಬೇಡ. ಹೆಸರು ಹೇಳಿದ ಕೂಡಲೇ ನೀವು ಒಂದು ಪಕ್ಷ ಹಿಡಿದುಬಿಡುತ್ತೀರಿ, ನಾನೂ ಹಿಡಿಯುತ್ತೇನೆ. ನನ್ನ ಕ್ಲಾಸಿನಲ್ಲೂ ಎರಡು ಪಕ್ಷವಾಗಿತ್ತು. ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಈಗ ಸೋತು ಕೂತಿರುವ ಆ ದೇಶ ಹಿಂದೆ ತನ್ನ ಪಕ್ಕದ ಸಣ್ಣ ದೇಶವನ್ನು ನುಂಗಿರಲಿಲ್ಲವೇ ಸರ್? ಈಗ ತಾನೂ ಅನುಭವಿಸಲಿ" ಎಂದ. ನಾನು ನನ್ನ ಇಷ್ಟದ ಪಾಠ ಶುರುಮಾಡಿದೆ. ಸೈನ್ಯ ಬಂದು ಕೂತ ಮಾತ್ರಕ್ಕೆ ನೆಲ ಅದರದಾಗುವುದಿಲ್ಲ. ಕೂತಿರುವಷ್ಟು ದಿನ ಅದು ಕಾವಲುಗಾರ ಮಾತ್ರ, ಅಲ್ಲಿನ ಜನರ ಅನ್ನ ನೀರು ನೋಡಿಕೊಳ್ಳುವ ಭಾರ ಅದರ ಮೇಲಿರುತ್ತದೆ. ಖಾಸಗಿ ಸ್ವತ್ತನ್ನು ಕಸಿಯುವಂತಿಲ್ಲ. ತೀರ ಅಗತ್ಯವಾಗಿ ಏನಾದರೂ ಒಯ್ದರೆ ರಸೀದಿ ಕೊಡಬೇಕು. ಪಾಠ ಮುಗಿದಾಗ ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತ್ತು.

ಆ ಅಭಿಮಾನ ಇಳಿಯುವ ಮುಂಚೆಯೇ ಸಂಜೆ ಮಿಕ್ಸರ್ ತರಲು ಅಂಗಡಿಗೆ ಹೋದೆ, ಮಕ್ತುಮ್‌ಸಾಬರಿಗೂ ಎಲ್ಲವನ್ನೂ ಹೇಳಿದೆ. ಅವರು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ಅರಿವೆಯಿಂದ ಕೈ ಒರೆಸಿಕೊಂಡರು.

"ಆ ಸಣ್ಣ ದೇಶದಾಗ ನಾ ಇದ್ದೆರಿ ಸರ, ಆ ಸೈನ್ಯ ಬಂದಾಗ" ಎಂದರು. ಚಹಾ ತರಿಸಿದರು.

ಅವರು ಅಲ್ಲಿ ಒಂದು ಬೇಕರಿಯಲ್ಲಿ ಮೆಕ್ಯಾನಿಕ್ ಆಗಿದ್ದರಂತೆ. ಆಗ ಇಪ್ಪತ್ತೈದರ ವಯಸ್ಸು. ಮಾಲಕರು ಬೇಸಿಗೆಗೆಂದು ಹೆಂಡತಿ ಮಕ್ಕಳೊಂದಿಗೆ ಪರವೂರಿಗೆ ಹೋಗುವಾಗ ಬೇಕರಿಯ ಕೀಲಿಕೈ ಇವರಿಗೆ ಕೊಟ್ಟು ಹೋಗಿದ್ದರು. ಅವರು ಅತ್ತ ಹೋದ ಮೇಲೆ ಇತ್ತ ಪಕ್ಕದ ದೇಶದ ಸೈನ್ಯ ಒಳಗೆ ಬಂತು. ಕರೆಂಟು ನಿಂತಾಗಲೂ ಇವರು ಜನರೇಟರ್ ಹಚ್ಚಿ ಬ್ರೆಡ್ಡು ಮಾಡಿಸಿದರು. ಇಡೀ ಓಣಿ ಅದರ ಮೇಲೆ ಬದುಕಿತ್ತು. ಮೂರನೆಯ ವಾರ ಒಬ್ಬ ಅಧಿಕಾರಿ ನಾಲ್ಕು ಸೈನಿಕರೊಂದಿಗೆ ಬಂದು, ತಮ್ಮ ಶಿಬಿರಕ್ಕೆ ಆ ಜನರೇಟರ್ ಬೇಕು ಎಂದ.

"ಕೆಟ್ಟ ಮನಷ್ಯಾ ಅಲ್ರಿ ಅಂವ" ಎಂದರು ಮಕ್ತುಮ್‌ಸಾಬ್. "ಒಂದ್ ಏಟು ಹೊಡೀಲಿಲ್ಲ, ಒಂದ್ ಹೊಲಸ ಮಾತು ಆಡ್ಲಿಲ್ಲ. ನಮ್ಮ ಮಾಲಕರ ಆಫೀಸಿನ್ಯಾಗ, ನಮ್ಮ ಮಾಲಕರ ಕುರ್ಚಿ ಮ್ಯಾಲ ಕುಂತಿದ್ದ. ನಾ ಹೋಗಿ ನಿಂತೆ. ಎದುರಿಗಿನ ಕುರ್ಚಿ ತೋರ್ಸಿ, ಕುಂದ್ರು ಅಂದ. ಚಹಾ ಕುಡಿಸಿದ. ನಮ್ಮ ಮಾಲಕರದ ಸಕ್ರಿ, ನಮ್ಮ ಮಾಲಕರದ ಕಪ್ಪು. ನಾ ಅವಂಗ ಶುಕ್ರಾನ್, ಅಂದ್ರ ಉಪಕಾರ ಆತು, ಅಂದೆ ನೋಡ್ರಿ. ಅದು ಇವತ್ತಿಗೂ ಚುಚ್ಚತೈತಿ."

ನಮ್ಮ ಕಡೆ ಬಂದವರಿಗೆ 'ಬರ್ರಿ, ಕುಂದರ್ರಿ' ಅನ್ನುವುದು ಮನೆಯವರ ಬಾಯಿಂದ ಬರಬೇಕಾದ ಮಾತು. ಬಂದವನೇ ಮನೆಯವನಿಗೆ ಕೂಡ್ರು ಅಂದರೆ ಆಮೇಲೆ ಮನೆ ಯಾರದು? ನಾನು ವರ್ಷವಿಡೀ ಕಲಿಸಿದರೂ ತಿಳಿಸಲಾಗದ್ದು ಆ ಒಂದು ಕುರ್ಚಿಯಲ್ಲಿತ್ತು. ಆದರೆ ಅಂದು ನನಗೆ ಹಾಗೆ ಅನ್ನಿಸಲಿಲ್ಲ. ಕಥೆಯಲ್ಲಿ ರಸೀದಿ ಎಲ್ಲಿ ಬರುತ್ತದೆ ಎಂದೇ ಕಾಯುತ್ತಿದ್ದೆ.

ರಸೀದಿ ಬಂತು. ದುರ್ಗದಬೈಲಿನಲ್ಲಿ ಬೆಳೆದ ಮನುಷ್ಯ, ಚೀಟಿ ಇಲ್ಲದೆ ಸಾಮಾನು ಹೇಗೆ ಬಿಟ್ಟಾರು? ಮಾಲಕರು ತಿರುಗಿ ಬಂದರೆ ತೋರಿಸಲು ಒಂದು ಕಾಗದ ಬೇಕು ಎಂದು ಅಧಿಕಾರಿಯನ್ನು ಕೇಳಿದರು. ಅವನಿಗೆ ಬಹಳ ಸಂತೋಷವಾಯಿತಂತೆ. ಅರಬ್ಬಿಯಲ್ಲಿ ಎರಡು ಪ್ರತಿ ಬರೆಸಿ, ಎರಡಕ್ಕೂ ತಾನು ಸಹಿ ಮಾಡಿ, ಇವರಿಂದಲೂ ಸಹಿ ಮಾಡಿಸಿ, ಒಂದನ್ನು ಕೊಟ್ಟ.

"ಅಕ್ಷರ ಓದಾಕ ಬರ್ತಿತ್ತರಿ, ಮದರಸಾದಾಗ ಕಲ್ತಿದ್ದೆ. ಅರ್ಥ ಆಗ್ತಿದ್ದಿಲ್ಲ. ಕುರಾನಿನ ಅಕ್ಷರದಾಗ ಬರದದ್ದು ಸುಳ್ಳು ಇರತೈತಿ ಅಂತ ನನ್ನ ತಲಿಗೇ ಬರಲಿಲ್ಲ."

ಆಮೇಲೆ ಮರಳುಗಾಡು ದಾಟಿ, ಹೇಗೋ ಹುಬ್ಬಳ್ಳಿ ಮುಟ್ಟಿದ ಮೇಲೆ, ಅರಬ್ಬಿ ತಿಳಿದ ಒಬ್ಬ ಹಿರಿಯರು ಆ ಕಾಗದ ಓದಿ ಹೇಳಿದರು. ಅದು ರಸೀದಿ ಆಗಿರಲಿಲ್ಲ. ಬೇಕರಿಯ ಮಾಲಕನ ಪರವಾಗಿ, ಬಂದ ಸೈನ್ಯವನ್ನು ಸ್ವಾಗತಿಸಿ, ಈ ಜನರೇಟರನ್ನು ಸ್ವಖುಷಿಯಿಂದ ಕಾಣಿಕೆಯಾಗಿ ಕೊಟ್ಟಿದ್ದೇನೆ ಎಂದು ಅದರಲ್ಲಿತ್ತು. ಸೈನ್ಯ ಸೋತು ಹೊರಗೆ ಹೋದ ಮೇಲೆ ಇನ್ನೊಂದು ಪ್ರತಿ ಅದರ ಶಿಬಿರದಲ್ಲಿ ಸಿಕ್ಕಿತು. ತಿರುಗಿ ಬಂದ ಮಾಲಕರನ್ನು ಕರೆದು ವಿಚಾರಣೆ ಮಾಡಿದರು. ವೈರಿಗೆ ಕಾಣಿಕೆ ಕೊಟ್ಟವನೆಂದು ಓಣಿಯವರು ಅವರ ಬ್ರೆಡ್ಡು ಮುಟ್ಟದಾದರು. ಜೊತೆಗೆ ಕೆಲಸ ಮಾಡುತ್ತಿದ್ದ ಮಲಬಾರಿನ ಗೆಳೆಯನೊಬ್ಬ ಫೋನಿನಲ್ಲಿ ಇದನ್ನೆಲ್ಲ ಹೇಳಿದ್ದ.

"ಮಾಲಕರು ಊರಾಗ ಇದ್ದಿಲ್ಲ, ಅವರಿಗೆ ಗೊತ್ತ ಇಲ್ಲ, ಸಹಿ ಮಾಡಿದಾಂವ ನಾ. ಇಷ್ಟ ಇಂಗ್ಲಿಷ್‌ನ್ಯಾಗ ಬರದು, ಈ ಕಾಗದ ಜೋಡಿಸಿ ಕಳಸೂಣು ಸರ. ಅವರು ಮಂದಿಗೆ ತೋರ್ಸಲಿ. ಕಾಗದ ಇಲ್ಲದ ಮಾತು ಯಾರ್ ಕೇಳ್ತಾರ್ರಿ?" ಡಬ್ಬಿಯಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಹೊರಡುವಾಗ ಹೇಳಿದರು: "ನಿಮ್ಮ ಹುಡುಗ ಅನುಭವಿಸಲಿ ಅಂದನಲ್ರಿ. ಆ ಸಾಹೇಬನ ಊರಾಗ, ಅವನ ಕುರ್ಚಿ ಮ್ಯಾಲೂ ಈಗ ಯಾರೋ ಕುಂತಿರ್ಬೇಕು. ನನಗೇನು ಸಂತೋಷ ಇಲ್ಲ."

ಒಂದು ವಾರ ಕೂತು ಪತ್ರ ಬರೆದೆ. ಮೂರು ಪುಟ. ಪರದೇಶದ ಸೈನ್ಯಕ್ಕೆ ಏನು ಹಕ್ಕಿದೆ, ಏನಿಲ್ಲ, ಅದರ ಕೈಕೆಳಗೆ ಇರುವವನ ಒಪ್ಪಿಗೆ ಯಾಕೆ ಒಪ್ಪಿಗೆಯಲ್ಲ, ಹೀಗಾಗಿ ಸಹಿ ಮಾಡಿದವನ ಮೇಲೆ ಯಾವ ದೋಷವೂ ಬರುವುದಿಲ್ಲ. ಅಂಗಡಿಗೆ ಹೋಗಿ ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದೆ. ಮಕ್ತುಮ್‌ಸಾಬ್ ಕಡೆಯವರೆಗೂ ಕೇಳಿದರು.

"ಛಲೋ ಬರದೀರಿ ಸರ. ಆದ್ರ ಇದ್ರಾಗ ನಾ ಎಲ್ಲಿದ್ದೇನ್ರಿ?"

"ನಿಮ್ಮದೇನೂ ತಪ್ಪಿಲ್ಲ ಅಂತ ಬರದೇನಲ್ರಿ."

"ಮತ್ತ ಸಹಿ ಯಾರು ಮಾಡಿದ್ರು?"

"ಹೊರಗ ನಾಕು ಮಂದಿ ಬಂದೂಕು ಹಿಡದು ನಿಂತಿದ್ರು. ಅಂಥಾ ಸಹಿ ಕಾಯ್ದೆದಾಗ ನಡಿಯೂದಿಲ್ರಿ."

"ಬಂದೂಕು ಹೊರಗಿತ್ರಿ. ಒಳಗ ಚಹಾ ಇತ್ತು. ನಾ ಅಂಜಿ ಸಹಿ ಮಾಡ್ಲಿಲ್ಲ ಸರ. ಚೀಟಿ ಸಿಕ್ತಲ್ಲ ಅಂತ ಖುಷಿಲೇ ಮಾಡಿದೆ. ಅವರು ಒಯ್ದದ್ದು ಅವರ ತಪ್ಪು, ಅದನ್ನ ನೀವು ಬರದೀರಿ. ಓದಲಾರದ ಸಹಿ ಮಾಡಿದ್ದು ನಂದು. ಅದನ್ನೂ ಬರೀರಿ."

ನನಗೆ ಸಿಟ್ಟು ಬಂತು. ಒಬ್ಬ ಮನುಷ್ಯನನ್ನು ನಿರ್ದೋಷಿ ಎಂದು ಇಷ್ಟು ಚೆನ್ನಾಗಿ ಸಾಧಿಸಿದರೆ ಅವನೇ ಒಪ್ಪುತ್ತಿಲ್ಲವಲ್ಲ! ತಿದ್ದಿ ತರುತ್ತೇನೆ ಎಂದು ಹೇಳಿ ಎದ್ದೆ. ಪತ್ರವನ್ನೂ ಆ ಕಾಗದವನ್ನೂ ಚೀಲಕ್ಕೆ ಹಾಕಿಕೊಂಡೆ. ತಿದ್ದಲಿಲ್ಲ. ಆಮೇಲೆ ಎರಡು ಸಲ ಅವರು, "ಸರ, ಆ ಕಾಗದ..." ಎಂದು ಅರ್ಧ ಕೇಳಿದರು. "ಬರೀತೇನ್ರಿ, ಛಲೋತಂಗ ಬರೀಬೇಕು" ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ನಾನು ಹೊಸ ಮಿಕ್ಸರ್ ಕೊಂಡೆ. ದುರ್ಗದಬೈಲಿಗೆ ಹೋದರೂ ಆ ಗಲ್ಲಿಯ ಬಾಯಿ ತಪ್ಪಿಸಿ, ಸುತ್ತು ಹಾಕಿ ಬರತೊಡಗಿದೆ.

ಇಷ್ಟಕ್ಕೇ ಮುಗಿದಿದ್ದರೆ ಮರೆವು ಎಂದು ನಿಮ್ಮ ಮುಂದೆ ಹೇಳಿ ಪಾರಾಗಬಹುದಿತ್ತು. ಆದರೆ ಆ ಕಾಗದವನ್ನು ನಾನು ಮರೆತಿರಲಿಲ್ಲ. ಮಾಸದಿರಲೆಂದು ಪ್ಲಾಸ್ಟಿಕ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿದ್ದೆ. ನಿವೃತ್ತನಾಗುವವರೆಗೆ ಪ್ರತಿವರ್ಷ ಅದನ್ನು ಕ್ಲಾಸಿನಲ್ಲಿ ಎತ್ತಿ ಹಿಡಿದು, ಆಕ್ರಮಣ ಮಾಡಿದವರು ಕಾನೂನಿನ ವೇಷವನ್ನು ಹೇಗೆ ಹಾಕುತ್ತಾರೆ ನೋಡಿ ಎಂದು ಹೇಳುತ್ತಿದ್ದೆ. ಹುಡುಗರು ಬೆಂಚಿನಿಂದ ಬೆಂಚಿಗೆ ಅದನ್ನು ದಾಟಿಸುತ್ತ ನೋಡುತ್ತಿದ್ದರು. ಆ ಪಾಠ ಯಾವತ್ತೂ ಸೋಲಲಿಲ್ಲ.

ಮೊನ್ನೆ ಡೀಸೆಲ್ ವಾಸನೆಯ ನಡುವೆ ಕೂತು, ಟೀವಿಯಲ್ಲಿ ಕಂಡ ಆ ಮುದುಕಿಯನ್ನೂ ಸೈನಿಕನ ಬೆರಳನ್ನೂ ನೆನೆಯುತ್ತಿದ್ದಾಗ ನನಗೆ ನಾಚಿಕೆಯಾಯಿತು. ನಾನೂ ಮಕ್ತುಮ್‌ಸಾಬರ ಅಂಗಡಿಯಲ್ಲಿ ಅವರ ಚಹಾ ಕುಡಿದೇ ಅವರ ಕಾಗದ ಒಯ್ದಿದ್ದೆ. ಒಳ್ಳೆಯ ಮಾತಾಡಿಯೇ ಒಯ್ದಿದ್ದೆ. ಮಿಕ್ಸರಿಗೂ ಚೀಟಿ ಬರೆಯುತ್ತಿದ್ದ ಮನುಷ್ಯನಿಗೆ ನಾನು ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ, ನನ್ನ ಮೇಲಿನ ಮರ್ಯಾದೆಗೆ ಅವರೂ ಕೇಳಿರಲಿಲ್ಲ. ಸೈನ್ಯ ಬಂದು ಕೂರುವುದು ತಪ್ಪು ಎಂದು ಮೂವತ್ತು ವರ್ಷ ಕಲಿಸಿದೆ, ಈಗಲೂ ಅದು ತಪ್ಪೇ. ಆದರೆ ಪರರ ವಸ್ತುವಿನ ಮೇಲೆ ಕೂರಲು ಸೈನ್ಯವೇ ಬೇಕೆಂದಿಲ್ಲ ಎಂಬುದು ನನಗೆ ತಿಳಿಯಲು ಇಷ್ಟು ತಡವಾಯಿತು. ಕಪಾಟು ತೆಗೆದು ಆ ಕಾಗದ ಹುಡುಕಿದೆ, ಆಟೋ ಹಿಡಿದೆ.

ಅಂಗಡಿಯನ್ನು ಈಗ ಅವರ ಮಗಳು ನೋಡಿಕೊಳ್ಳುತ್ತಾಳೆ. ಇನ್ವರ್ಟರ್, ಬ್ಯಾಟರಿಗಳೂ ಬಂದಿವೆ. ಮಕ್ತುಮ್‌ಸಾಬ್ ಗಡ್ಡ ಬೆಳ್ಳಗಾಗಿ, ದಪ್ಪ ಕನ್ನಡಕ ಹಾಕಿಕೊಂಡು ಒಳಗೆ ಕೂತಿದ್ದರು. ನಾನು ಹೊಸ್ತಿಲ ಹೊರಗೆ ನಿಂತು, "ಮಕ್ತುಮ್‌ಸಾಬ್ರ" ಎಂದು ಕರೆದೆ. ಅವರು ದನಿಯಿಂದಲೇ ಗುರುತು ಹಿಡಿದರು.

"ಸರ... ಬರ್ರಿ, ಕುಂದರ್ರಿ."

ಹಾಗೆ ಅಂದ ಮೇಲೆ ಒಳಗೆ ಹೋಗಿ ಕೂತೆ. ಕಾಗದ ಅವರ ಕೈಗಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು. "ಪ್ಲಾಸ್ಟಿಕ್ ಹಾಕ್ಸೀರಿ. ಛಲೋ ಆತು, ಹಾಳಾಗಿಲ್ಲ" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಮಾಲಕರು?" ಎಂದೆ.

"ಹೋಗಿ ಎಂಟು ವರ್ಷ ಆತ್ರಿ."

ಅವರೇ ಹೇಳಿದರು: "ಮಗಾ ಅದಾನ್ರಿ. ಬೇಕರಿ ನಡಸ್ತಾನ. ಅಪ್ಪನ ಮ್ಯಾಲಿನ ಮಾತು ಮಗಾ ಕೇಳಬೇಕಾಕ್ಕೈತಲ್ರಿ. ಬರೀರಿ, ನಾ ಹೇಳ್ತೇನಿ."

ಅವರ ಮಗಳು ಹಾಳೆ ತಂದುಕೊಟ್ಟಳು. ಅವರು ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಮೂರು ಪುಟ ಬೇಕಾಗಲಿಲ್ಲ. 'ಜನರೇಟರ್ ನಿಮ್ಮ ತಂದೆ ಕೊಟ್ಟದ್ದಲ್ಲ. ಬಂದ ಸೈನ್ಯ ಒಯ್ದದ್ದು. ನಿಮ್ಮ ತಂದೆ ಆಗ ಊರಲ್ಲಿರಲಿಲ್ಲ. ಸ್ವಖುಷಿಯಿಂದ ಕೊಟ್ಟಿದ್ದೇವೆ ಎಂಬ ಕಾಗದಕ್ಕೆ ಓದದೆ ಸಹಿ ಮಾಡಿದವನು ನಾನು.' ಅಷ್ಟೇ. ಕೆಳಗೆ ಅವರ ಸಹಿಗೆ ಜಾಗ ಬಿಟ್ಟೆ. ಅದರ ಕೆಳಗೆ ಇನ್ನೊಂದು ಸಾಲನ್ನು ನಾನಾಗಿಯೇ ಬರೆದು ನನ್ನ ಹೆಸರು ಹಾಕಿದೆ.

"ಓದ್ರಿ" ಎಂದರು.

ಅವರು ಹೇಳಿದ್ದನ್ನು ಕನ್ನಡದಲ್ಲಿ ಓದಿದೆ.

"ಕೆಳಗ ಇನ್ನೂ ಏನೋ ಬರದಂಗ ಆತಲ್ರಿ. ಅದನ್ನೂ ಓದ್ರಿ."

'ಈ ಕಾಗದವನ್ನು ಇವರಿಂದ ಒಯ್ದು ಇಪ್ಪತ್ತು ವರ್ಷಕ್ಕೂ ಮೇಲೆ ನನ್ನಲ್ಲೇ ಇಟ್ಟುಕೊಂಡಿದ್ದೆ. ನಿಮ್ಮ ತಂದೆ ಇರುವಾಗಲೇ ಇದು ಮುಟ್ಟದೆ ಹೋದದ್ದು ನನ್ನಿಂದ.'

ಮಕ್ತುಮ್‌ಸಾಬ್ ಪೆನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಖರೇ ಐತೇನ್ರಿ?"

"ಖರೇ."

"ಇನ್ನೊಮ್ಮೆ ಓದ್ರಿ."

ನಾನು ಇನ್ನೊಮ್ಮೆ ಓದಿದೆ.